ದಂಡ ತೆರುವ ಮತದಾರ, ಮತವಿಲ್ಲದ ಪ್ರಜೆ

ಮತ ಹಾಕದವರಿಗೆ ದಂಡ ವಿಧಿಸಬೇಕೆಂಬ ಮಾತು ನಮ್ಮಲ್ಲಿ ಪ್ರತಿ ಚುನಾವಣೆಯ ಬಳಿಕವೂ ಕೇಳಿ ಬರುತ್ತದೆ. ಗುಜರಾತ್ ಸರಕಾರವಂತೂ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಇದನ್ನು ಕಾನೂನನ್ನಾಗಿಯೇ ಮಾಡಿತು. 2014ರಲ್ಲಿ ರಾಜ್ಯಪಾಲರ ಅಂಕಿತ ಬಿತ್ತು, ಮರು ವರ್ಷ 100 ರೂಪಾಯಿ ದಂಡ ನಿಗದಿಯಾಯಿತು, ಆಗಸ್ಟ್ 2015ರಲ್ಲಿ ಹೈಕೋರ್ಟ್ ತಡೆಯಾಜ್ಞೆ ನೀಡಿತು. ಇಂತಹ ಕಾನೂನನ್ನು ಬೆಂಬಲಿಸುವವರೆಲ್ಲ ಬೊಟ್ಟು ಮಾಡುವುದು ಆಸ್ಟ್ರೇಲಿಯಾದ ಕಡೆಗೆ. ಆಸ್ಟ್ರೇಲಿಯಾದಿಂದ ಕಲಿಯಲು ನಮ್ಮ ತಕರಾರಿಲ್ಲ. ಆದರೆ ಪಾಠವನ್ನು ಪೂರ್ತಿ ಓದಬೇಕು.

1922ರ ಸಂಸತ್ ಚುನಾವಣೆಯಲ್ಲಿ ಅಲ್ಲಿನ ಮತದಾನ ಶೇಕಡಾ 60ಕ್ಕಿಂತಲೂ ಕೆಳಗಿಳಿಯಿತು. ಕ್ವೀನ್ಸ್‌ಲ್ಯಾಂಡ್ ರಾಜ್ಯ 1915ರಲ್ಲೇ ಕಡ್ಡಾಯ ಮತದಾನ ತಂದಿತ್ತು. ಅದನ್ನು ಇಡೀ ದೇಶಕ್ಕೆ ವಿಸ್ತರಿಸುವ ಖಾಸಗಿ ಮಸೂದೆಯನ್ನು ಟಾಸ್ಮೇನಿಯಾದ ಸೆನೆಟರ್ ಹರ್ಬರ್ಟ್ ಪೇನ್ 1924ರ ಜುಲೈಯಲ್ಲಿ ಮಂಡಿಸಿದರು. ಅದೇ ತಿಂಗಳಲ್ಲಿ ಎರಡೂ ಸದನಗಳು ಅದಕ್ಕೆ ಒಪ್ಪಿಗೆ ಕೊಟ್ಟವು. ಇಷ್ಟು ದೊಡ್ಡ ಬದಲಾವಣೆಗೆ ಹೇಳಿಕೊಳ್ಳುವಂತಹ ಚರ್ಚೆಯೇ ನಡೆಯಲಿಲ್ಲ! ಫಲವಂತೂ ಸಿಕ್ಕಿತು. 1925ರಲ್ಲಿ ಮತದಾನ ಶೇಕಡಾ 91 ದಾಟಿತು.

ಅರ್ನೆಸ್ಟ್ ಜಡ್ ಎಂಬ ಸಮಾಜವಾದಿ ಮಾತ್ರ ಮತ ಹಾಕಲು ಒಪ್ಪಲಿಲ್ಲ. ಕಣದಲ್ಲಿರುವವರೆಲ್ಲ ಬಂಡವಾಳಶಾಹಿಯ ಪರ ಇರುವವರೇ, ಹಾಗಿರುವಾಗ ತಾನು ಯಾರನ್ನು ಆರಿಸಬೇಕು ಎಂಬುದು ಅವರ ವಾದ. 1926ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಇದು ಸಕಾರಣವಲ್ಲ ಎಂದಿತು. ನ್ಯಾಯಮೂರ್ತಿ ಹಿಗ್ಗಿನ್ಸ್ ಒಬ್ಬರೇ ಭಿನ್ನಮತ ದಾಖಲಿಸಿದರು. ಮತದಾನದಿಂದ ದೂರವಿರುವುದು ತನ್ನ ಧಾರ್ಮಿಕ ಕರ್ತವ್ಯವೆಂದು ನಂಬುವವನಿಗೆ ಈಗಿನ ಕಾಯ್ದೆ ವಿನಾಯಿತಿ ಕೊಡುತ್ತದೆ. ರಾಜಕೀಯ ಅಸಮ್ಮತಿಗೆ ಆ ರಿಯಾಯಿತಿ ಇಲ್ಲ.

ಇನ್ನು ನಾವು ಹೇಳಬೇಕಾದ ಮುಖ್ಯ ಸಂಗತಿಗೆ ಬರೋಣ. ಮತ ಹಾಕದವನನ್ನು ಹುಡುಕಿ ದಂಡಿಸಲು ಹೊರಟ ಆ ರಾಷ್ಟ್ರ, ಮತ ಹಾಕಲು ಹಂಬಲಿಸುತ್ತಿದ್ದ ಇನ್ನೊಬ್ಬನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿತ್ತು. 1902ರ ಕಾಯ್ದೆ ಮಹಿಳೆಯರಿಗೆ ಮತದ ಹಕ್ಕು ಕೊಟ್ಟಿತು. ಆ ಕಾಲಕ್ಕೆ ಅದು ಬಲು ಮುಂದುವರಿದ ಹೆಜ್ಜೆಯೇ. ಆದರೆ ಅದೇ ಕಾಯ್ದೆ ಅಲ್ಲಿನ ಮೂಲನಿವಾಸಿಗಳನ್ನೂ ಏಷ್ಯಾ, ಆಫ್ರಿಕಾ ಮೂಲದವರನ್ನೂ ಮತದಾರರ ಪಟ್ಟಿಯಿಂದ ಹೊರಗಿಟ್ಟಿತು. ಮರುಭೂಮಿಯಲ್ಲಿ ಒಂಟೆಗಳ ಮೇಲೆ ಸರಕು ಸಾಗಿಸಿ ಆ ದೇಶದ ಒಳನಾಡನ್ನು ಬೆಸೆದ 'ಅಫ್ಘಾನ'ರಿಗೂ ಬಾಗಿಲು ಮುಚ್ಚಿತು. ಹತ್ತೊಂಬತ್ತನೇ ಶತಮಾನ ಮುಗಿಯುವ ಮೊದಲೇ ಅಡಿಲೇಡ್‌ನಲ್ಲಿ ಮಸೀದಿ ಕಟ್ಟಿಕೊಂಡು ನೆಲೆನಿಂತಿದ್ದ ಜನ ಅವರು.

ಸಂವಿಧಾನದ 41ನೇ ವಿಧಿಯಲ್ಲಿ ಒಂದು ಕಿಂಡಿಯಿತ್ತು. ರಾಜ್ಯದ ಚುನಾವಣೆಯಲ್ಲಿ ಮತದ ಹಕ್ಕಿರುವವರನ್ನು ಸಂಸತ್ ಚುನಾವಣೆಯಲ್ಲಿ ತಡೆಯಬಾರದು ಎಂಬುದು ಅದರ ಸಾರ. ಅಧಿಕಾರಿಗಳು ಆ ಕಿಂಡಿಯನ್ನೂ ಕಿರಿದು ಮಾಡಿ, 1902ಕ್ಕೆ ಮೊದಲೇ ಹಕ್ಕು ಪಡೆದಿದ್ದವರಿಗೆ ಮಾತ್ರ ಇದು ಅನ್ವಯ ಎಂದು ಓದಿಕೊಂಡರು. 1922ರಲ್ಲಿ ಅಲ್ಲಿಗೆ ಭೇಟಿ ನೀಡಿದ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು, ಅಲ್ಲಿ ನೆಲೆಸಿದ ಭಾರತೀಯರಿಗೆ ಮತದ ಹಕ್ಕು ಕೊಡಿ ಎಂದು ಒತ್ತಾಯಿಸಿ ಬಂದರು. ಕೆಲಸ ಕೂಡಲೇ ಆಗಲಿಲ್ಲ. ಕಡ್ಡಾಯ ಮತದಾನ ಜಾರಿಗೆ ಬಂದ ಆ 1924ರಲ್ಲೇ, ಮೆಲ್ಬರ್ನ್‌ನಲ್ಲಿದ್ದ ಭಾರತ ಮೂಲದ ಮಿಟ್ಟಾ ಬುಲ್ಲೋಶ್ ಎಂಬವರು ತನ್ನ ಹೆಸರನ್ನು ಪಟ್ಟಿಗೆ ಸೇರಿಸಿ ಎಂದು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಅವರು ಗೆದ್ದರು. ಮೇಲ್ಮನವಿಗೆ ಹೊರಟಿದ್ದ ಸರಕಾರ ಹಿಂದೆ ಸರಿದು, 1925ರಲ್ಲಿ ಕಾಯ್ದೆಯನ್ನೇ ತಿದ್ದಿ ಬ್ರಿಟಿಷ್ ಭಾರತದ ಮೂಲದವರಿಗೆ ಮತ ಕೊಟ್ಟಿತು. ಉಳಿದ ಏಷ್ಯನ್ನರಿಗೆ ಈ ತಿದ್ದುಪಡಿಯಿಂದ ಏನೂ ದಕ್ಕಲಿಲ್ಲ.

ಆ ನೆಲದ ಒಡೆಯರ ಗತಿ ಇನ್ನೂ ದಾರುಣ. 1949ರಲ್ಲಿ, ಸೇನೆಯಲ್ಲಿ ದುಡಿದವರಿಗೂ ರಾಜ್ಯಗಳಲ್ಲಿ ಮತವಿದ್ದವರಿಗೂ ಅವಕಾಶ ಸಿಕ್ಕಿತು. ಮೂಲನಿವಾಸಿಗಳೆಲ್ಲರಿಗೂ ಸಂಸತ್ ಚುನಾವಣೆಯ ಹಕ್ಕು ದೊರೆತದ್ದು 1962ರಲ್ಲಿ. ಆಗಲೂ ಪಟ್ಟಿಗೆ ಹೆಸರು ಸೇರಿಸುವುದು ಅವರಿಗೆ ಐಚ್ಛಿಕ. ಹೆಸರು ಸೇರಿಸುವಂತೆ ಅವರ ಮೇಲೆ ಒತ್ತಡ ಹೇರುವುದನ್ನು ಕಾಯ್ದೆ ಅಪರಾಧವೆಂದಿತ್ತು. ಬಿಳಿಯನು ಹೆಸರು ಸೇರಿಸದಿದ್ದರೆ ಅಪರಾಧ, ಮೂಲನಿವಾಸಿಯನ್ನು ಒತ್ತಾಯಿಸಿ ಸೇರಿಸಿದರೆ ಅಪರಾಧ! ಆ ಭೇದ ಅಳಿದದ್ದು 1984ರಲ್ಲಿ. ಅಂದಿನಿಂದ ಮತ ಹಾಕದೆ ಉಳಿದ ಮೂಲನಿವಾಸಿಯೂ ಎಲ್ಲರಂತೆ ಕಾರಣ ಕೊಡಬೇಕು, ಇಲ್ಲವೇ ದಂಡ ಕಟ್ಟಬೇಕು. ಸಂಸತ್ ಚುನಾವಣೆಗೆ ಈಗ ಆ ದಂಡ 20 ಡಾಲರ್.