ಕಡಲ ರಹದಾರಿ: ಕುಂದಾಪುರ ಸೀಮೆಯ ಪರದೇಶಗಮನವನ್ನು ಕುರಿತ ಒಂದು ವಿಚಾರ

೧

ಘಟ್ಟಕ್ಕೂ ಪಡುಗಡಲಿಗೂ ನಡುವೆ, ತೆಂಕಲಲ್ಲಿ ಬ್ರಹ್ಮಾವರ ಬಾರಕೂರುಗಳಿಂದ ಬಡಗಲಲ್ಲಿ ಬೈಂದೂರು ಶಿರೂರುಗಳವರೆಗೆ ಹಬ್ಬಿರುವ ಸೀಮೆಗೆ ಕುಂದಾಪುರವು ನಡುವಣ ಪಟ್ಟಣವಾಗಿದೆ. ಐದು ಹೊಳೆಗಳು ಕೂಡಿ ಕಡಲನ್ನು ಸೇರುವ ಪಂಚಗಂಗಾವಳಿಯ ಅಳಿವೆ ಇದರ ಹೆಬ್ಬಾಗಿಲು. ಈ ಸೀಮೆಯು ೧೭೯೯ರಲ್ಲಿ ಆಂಗ್ಲರ ವಶವಾಯಿತು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದಾಗ ಕುಂದಾಪುರ ತಾಲೂಕು ಮಾತ್ರ ದಕ್ಷಿಣ ಕನ್ನಡದೊಡನೆ ಮದರಾಸು ಪ್ರಾಂತದಲ್ಲಿಯೇ ಉಳಿಯಿತು. ೧೯೫೬ರಲ್ಲಿ ಮೈಸೂರು ರಾಜ್ಯವನ್ನೂ ೧೯೯೭ರಲ್ಲಿ ಹೊಸದಾದ ಉಡುಪಿ ಜಿಲ್ಲೆಯನ್ನೂ ಸೇರಿದ ಈ ಪ್ರದೇಶದಲ್ಲಿ ಬ್ರಹ್ಮಾವರ ಬೈಂದೂರುಗಳು ಈಚೆಗೆ ಪ್ರತ್ಯೇಕ ತಾಲೂಕುಗಳಾಗಿವೆ.

ಇಲ್ಲಿಯ ಜನರು ಪರದೇಶಕ್ಕೆ ಹೋಗಲಾರಂಭಿಸಿದ್ದು ತೀರ ಈಚೆಗೆಂದೂ, ಅದಕ್ಕೆ ಮುಂಚೆ ಸಮುದ್ರಯಾನವನ್ನು ನಿಷೇಧಿಸಿದ ಶಾಸ್ತ್ರವು ಅವರನ್ನು ಮನೆಯಲ್ಲಿಯೇ ಹಿಡಿದಿಟ್ಟಿತ್ತೆಂದೂ ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಅರ್ಧಸತ್ಯ. ಕಡಲು ಈ ಸೀಮೆಯವರಿಗೆ ಎಂದೂ ಗೋಡೆಯಾಗಿರಲಿಲ್ಲ. ಗೋಡೆಯಾದುದು ಕಡಲನ್ನು ದಾಟಲು ಬೇಕಾದ ಅಪ್ಪಣೆ. ಆ ಅಪ್ಪಣೆಯನ್ನು ಕೊಡುವವರು ಯುಗಯುಗಕ್ಕೂ ಬೇರೆಯಾದರು. ಅದರ ಭಾರವನ್ನು ಹೊತ್ತವರೂ ಬೇರೆಯಾದರು. ಈ ಎರಡನೆಯ ಸಂಗತಿಯನ್ನು ಇತಿಹಾಸಕಾರರು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ.

೨

ಮೊದಲು ಬಂದರುಗಳ ಸಾಕ್ಷ್ಯವನ್ನು ನೋಡಬೇಕು. ಹಳೆಯ ಕೈರೋ ನಗರದ ಯೆಹೂದ್ಯರ ಪ್ರಾರ್ಥನಾಮಂದಿರದಲ್ಲಿ ದೊರೆತ ಕಾಗದಗಳಲ್ಲಿ, ೧೨ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲಸಿದ್ದ ಅಬ್ರಹಾಂ ಬಿನ್ ಯಿಜು ಎಂಬ ವರ್ತಕನಿಗೆ ಬಂದ ಪತ್ರಗಳಿವೆ. ಅವನ ಆಳೊಬ್ಬನು ಒಡೆಯನ ಸರಕನ್ನೂ ಲೆಕ್ಕವನ್ನೂ ಹಿಡಿದು ಏಡನ್ ಬಂದರಿಗೆ ಹೋಗಿದ್ದನೆಂದು ಅವುಗಳಿಂದ ತಿಳಿದುಬರುತ್ತದೆ. ಆ ಆಳಿನ ಹೆಸರನ್ನು ವಿದ್ವಾಂಸರು ‘ಬೊಮ್ಮ’ ಎಂದು ಓದಿದ್ದಾರೆ. ಇವನು ಕುಂದಾಪುರದವನೆನ್ನಲು ಆಧಾರವಿಲ್ಲ. ಆದರೆ ಈ ಕರಾವಳಿಯಿಂದ ಕಡಲಾಚೆಗೆ ಹೋದ ಸಾಮಾನ್ಯನೊಬ್ಬನ ಹೆಸರು ಉಳಿದಿರುವುದೇ ಅಪೂರ್ವವಾದುದರಿಂದ ಇವನನ್ನು ಇಲ್ಲಿ ನೆನೆಯಬೇಕಾಯಿತು. ಬೊಮ್ಮನ ರಹದಾರಿ ಅವನ ಒಡೆಯನ ಮಾತೇ ಆಗಿದ್ದಿತು.

ಇದಾದ ಇನ್ನೂರು ವರ್ಷಗಳ ಮೇಲೆ, ೧೩೪೨ರ ಸುಮಾರಿಗೆ, ಇಬ್ನ್ ಬತೂತನು ಈ ತೀರದಲ್ಲಿ ಸಾಗಿದನು. ಅವನು ‘ಫಾಕನೂರು’ ಎಂದು ಕರೆದಿರುವುದು ನಮ್ಮ ಬಾರಕೂರು. ಅಲ್ಲಿಯ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದುವು. ಹಾದುಹೋಗುವ ಪ್ರತಿಯೊಂದು ಹಡಗೂ ಅಲ್ಲಿ ಲಂಗರು ಹಾಕಿ ‘ಬಂದರಿನ ಹಕ್ಕು’ ಎಂಬ ಕಾಣಿಕೆಯನ್ನು ಒಪ್ಪಿಸಬೇಕಾಗಿತ್ತು. ಒಪ್ಪಿಸದೆ ಮುಂದೆ ಹೋದ ಹಡಗನ್ನು ಬೆನ್ನಟ್ಟಿ ಹಿಡಿತರುತ್ತಿದ್ದರು. ಕಡಲ ದಾರಿಗೆ ಅಪ್ಪಣೆ ಬೇಕೆಂಬುದು ಪೋರ್ಚುಗೀಸರೇ ಮೊದಲು ತಂದ ಪದ್ಧತಿಯೆಂಬ ಅಭಿಪ್ರಾಯವನ್ನು ಈ ಒಂದು ಸಾಕ್ಷ್ಯದಿಂದಲೇ ತಿದ್ದಿಕೊಳ್ಳಬಹುದು.

ಆದರೆ ಪೋರ್ಚುಗೀಸರು ಈ ಪದ್ಧತಿಯನ್ನು ಕಾಗದಕ್ಕೆ ಇಳಿಸಿ ಇಡೀ ಸಮುದ್ರಕ್ಕೆ ಹರಡಿದರೆಂಬುದು ನಿಜ. ೧೬ನೆಯ ಶತಮಾನದ ಆದಿಯಿಂದ ಅವರ ‘ಕರ್ತಾಜ್’ ಎಂಬ ಅಪ್ಪಣೆಚೀಟಿಯಿಲ್ಲದ ಹಡಗು ಸೂರೆಗೆ ಈಡಾಗುತ್ತಿತ್ತು. ಆ ಕಾಲದ ಬಾರ್ಬೋಸನು ಬಾರಕೂರು ಬಸರೂರುಗಳಿಂದ ಅಕ್ಕಿಯನ್ನು ಹೇರಿಕೊಂಡು ಹೋಗುವ ಹಡಗುಗಳನ್ನು ಬಣ್ಣಿಸಿದ್ದಾನೆ. ಓರ್ಮುಜ್ ಮೊದಲಾದ ಬೆಂಗಾಡಿನ ಬಂದರುಗಳಿಗೆ ಈ ಅಕ್ಕಿ ಅನ್ನಾಧಾರ. ೧೫೬೯ರಲ್ಲಿ ಬಸರೂರು ಪೋರ್ಚುಗೀಸರ ಕೈಸೇರಿತು. ಅಳಿವೆಯ ಸಮೀಪದಲ್ಲಿ ಅವರ ಕೋಟೆಯೆದ್ದಿತು. ೧೬೫೨ರಿಂದ ೧೬೫೪ರೊಳಗೆ ಕೆಳದಿಯ ಶಿವಪ್ಪನಾಯಕನು ಈ ತೀರದ ಕೋಟೆಗಳಿಂದ ಅವರನ್ನು ಹೊರಡಿಸಿದನು. ಬಸರೂರಿನ ಸಿರಿ ಎಷ್ಟು ಪ್ರಸಿದ್ಧವಾಗಿತ್ತೆಂದರೆ ೧೬೬೫ರ ಫೆಬ್ರುವರಿಯಲ್ಲಿ ಶಿವಾಜಿಯು ತಾನೇ ನೌಕಾಪಡೆಯೊಡನೆ ಬಂದು ಅದನ್ನು ಸೂರೆಮಾಡಿದನು. ಮುಂದೆ ಟಿಪ್ಪುಸುಲ್ತಾನನು ಮಸ್ಕತ್ತಿನಲ್ಲಿ ಸರಕಾರಿ ಕೋಠಿಯೊಂದನ್ನೇ ಇರಿಸಿದನು.

ಈ ದಾಖಲೆಗಳಲ್ಲೆಲ್ಲ ಹಡಗಿನ ಒಡೆಯನ ಹೆಸರುಂಟು, ಸರಕಿನ ತೂಕವುಂಟು, ಸುಂಕದ ಮೊತ್ತವುಂಟು. ಹಾಯಿ ಕಟ್ಟಿದವರ ಹೆಸರು ಮಾತ್ರ ವಿರಳ. ಆದರೂ ಅಕ್ಕಿಯು ತಾನಾಗಿ ಮಸ್ಕತ್ತಿಗೆ ಹೋಗಲಿಲ್ಲ.

೩

ಇನ್ನು ಶಾಸ್ತ್ರದ ಅಡ್ಡಿಯನ್ನು ವಿಚಾರಿಸಬಹುದು. ಬೋಧಾಯನನು ಸಮುದ್ರಯಾನವನ್ನು ಉತ್ತರದೇಶದವರ ವಿಶೇಷಾಚಾರಗಳಲ್ಲಿ ಒಂದೆಂದು ಹೇಳಿ, ಇನ್ನೊಂದೆಡೆ ಪತನೀಯ ಕರ್ಮಗಳ ಪಟ್ಟಿಯಲ್ಲಿ ಅದನ್ನೇ ಮೊದಲು ಎಣಿಸಿದ್ದಾನೆ. ಮನುಸ್ಮೃತಿಯು ಸಮುದ್ರಯಾಯಿಯನ್ನು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟಿದೆ. ಆದರೆ ಅದೇ ಗ್ರಂಥವು ಎಂಟನೆಯ ಅಧ್ಯಾಯದಲ್ಲಿ, ಸಮುದ್ರಯಾನದಲ್ಲಿ ನುರಿತವರು ನಿಶ್ಚಯಿಸಿದ ಬಡ್ಡಿಯನ್ನು ಪ್ರಮಾಣವೆಂದು ಒಪ್ಪಿದೆ. ಇಲ್ಲದ ರೂಢಿಗೆ ನಿಷೇಧವೂ ಬೇಡ, ಬಡ್ಡಿಯ ದರವೂ ಬೇಡ. ನಿಬಂಧಕಾರರ ಕಾಲಕ್ಕೆ ಈ ನಿಷೇಧವು ಕಲಿವರ್ಜ್ಯಗಳಲ್ಲಿ ಸೇರಿ ಇನ್ನಷ್ಟು ಬಿಗಿಯಾಯಿತು: ಹಡಗಿನಲ್ಲಿ ಸಮುದ್ರವನ್ನು ದಾಟಿದ ದ್ವಿಜನು ಪ್ರಾಯಶ್ಚಿತ್ತ ಮಾಡಿಕೊಂಡರೂ ಅವನೊಡನೆ ವ್ಯವಹಾರ ಕೂಡದೆಂದಾಯಿತು.

ಇಲ್ಲಿ ಗಮನಿಸಬೇಕಾದ ಪದ ‘ದ್ವಿಜ’ ಎಂಬುದು. ಈ ನಿಷೇಧವು ಗಂಗೊಳ್ಳಿಯ ಖಾರ್ವಿಗಳನ್ನಾಗಲಿ, ತೀರದುದ್ದಕ್ಕೂ ಇರುವ ಮೊಗವೀರರನ್ನಾಗಲಿ, ನವಾಯತ ವರ್ತಕರನ್ನಾಗಲಿ, ಕ್ರೈಸ್ತರನ್ನಾಗಲಿ ಕಟ್ಟಿಹಾಕಲಿಲ್ಲ. ಕಟ್ಟಿಹಾಕಿದ್ದು ಓದುಬರಹವುಳ್ಳ ವರ್ಗವನ್ನು. ಬರೆಯಬಲ್ಲವರು ಕಡಲಿಗಿಳಿಯಲಿಲ್ಲ, ಕಡಲಿಗಿಳಿದವರು ಬರೆದಿಡಲಿಲ್ಲ. ಈ ಸೀಮೆಯವರು ಪರದೇಶವನ್ನೇ ಕಂಡಿರಲಿಲ್ಲವೆಂಬ ಭಾವನೆ ಬೆಳೆದುಬಂದುದಕ್ಕೆ ಇದೇ ಮುಖ್ಯ ಕಾರಣವಾಗಿರಬೇಕು.

ಆ ಕಾಲದಲ್ಲಿ ಕೂಲಿಯವನನ್ನು ಯಾರೂ ತಡೆದು ಕೇಳುತ್ತಿರಲಿಲ್ಲವೆಂಬುದಕ್ಕೆ ಒಂದು ಪ್ರಬಲವಾದ ನಿದರ್ಶನವು ಈ ಸೀಮೆಯೊಡನೆಯೇ ಹೊಂದಿಕೊಂಡಿದೆ. ಗೋವೆಯ ಪಾದ್ರಿ ಜೋಸೆಫ್ ವಾಜ್ ಎಂಬವರು ೧೬೮೧ರಲ್ಲಿ ಕನ್ನಡ ಜಿಲ್ಲೆಗೆ ಬಂದು ಕುಂದಾಪುರ, ಬಸರೂರು, ಗಂಗೊಳ್ಳಿಗಳಲ್ಲಿ ೧೬೮೪ರವರೆಗೆ ದುಡಿದರು. ಸಿಂಹಳಕ್ಕೆ ಹೋಗಬೇಕೆಂಬುದು ಅವರ ಬಯಕೆ. ಆದರೆ ಅಲ್ಲಿಯ ತೀರವನ್ನು ಆಳುತ್ತಿದ್ದ ಡಚ್ಚರು ಕ್ಯಾಥೊಲಿಕ್ ಪಾದ್ರಿಗಳಿಗೆ ಪ್ರವೇಶವನ್ನು ನಿಷೇಧಿಸಿದ್ದರು. ೧೬೮೭ರಲ್ಲಿ ವಾಜರು ನಿಲುವಂಗಿಯನ್ನು ಕಳಚಿ, ಬಡ ಕೂಲಿಯವನ ವೇಷದಲ್ಲಿ ಯಾಳ್ಪಾಣದ ತೀರವನ್ನು ಮುಟ್ಟಿದರು. ೧೭೧೧ರಲ್ಲಿ ಆ ದ್ವೀಪದಲ್ಲಿಯೇ ದೇಹವನ್ನಿಟ್ಟರು. ೨೦೧೫ರಲ್ಲಿ ಅವರಿಗೆ ಸಂತಪದವಿ ಸಂದಿತು. ಪಾದ್ರಿಗೆ ಮುಚ್ಚಿದ್ದ ಬಾಗಿಲು ಕೂಲಿಗೆ ತೆರೆದಿತ್ತು. ಕೂಲಿಯವನ ಮಾಸಿದ ಬಟ್ಟೆಯೇ ಅಂದಿನ ರಹದಾರಿ.

ಶಾಸ್ತ್ರದ ಹಿಡಿತವು ಸಡಿಲಿದುದು ನಿಧಾನವಾಗಿ. ಈ ಸೀಮೆಯ ವಿಪ್ರಯುವಕರು ಹೊಟ್ಟೆಪಾಡಿಗಾಗಿ ಮೊದಲು ಹೊರಟದ್ದು ಮದರಾಸು, ಮುಂಬಯಿ, ಬೆಂಗಳೂರುಗಳಿಗೆ. ಅಲ್ಲಿಗೆ ಹೋಗಲು ಪ್ರಾಯಶ್ಚಿತ್ತದ ಪ್ರಶ್ನೆಯಿರಲಿಲ್ಲ. ಕೋಟದವರಾದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲಿ ಚಿತ್ರಿಸಿದ ವಲಸೆಯೂ ಇಂಥದೇ. ಕೋಟದ ಬಳಿಯ ಪಾರಂಪಳ್ಳಿಯಿಂದ ಹೋದ ಮಯ್ಯ ಸಹೋದರರು ೧೯೨೪ರಲ್ಲಿ ಬೆಂಗಳೂರಿನಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ಬನ್ನು ತೆರೆದರು. ಅವರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪಿಗೆ ಹೋಗಿ ಅಲ್ಲಿಯ ಭೋಜನಾಲಯಗಳ ಶುಚಿತ್ವದ ಕ್ರಮವನ್ನು ನೋಡಿ ಬಂದರು. ಮುಂದೆ ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂದು ಹೆಸರಾದದ್ದು ಆ ಸಂಸ್ಥೆಯೇ. ವಿಪ್ರನೊಬ್ಬನು ಕಡಲನ್ನು ದಾಟಿ ಬಂದು ಅಡಿಗೆಮನೆಯನ್ನೇ ತಿದ್ದಿದುದನ್ನು ನೋಡಿದರೆ, ಗೃಹಸ್ಥರ ಮಟ್ಟಿಗೆ ನಿಷೇಧವು ಆಗಲೇ ಬಲಗುಂದಿತ್ತೆಂದು ಊಹಿಸಬಹುದು. ಯತಿಗಳ ವಿಷಯದಲ್ಲಿ ಅದು ಪೂರ್ತಿಯಾಗಿ ಅಳಿಯಲಿಲ್ಲ. ವಿದೇಶಗಳಲ್ಲಿ ಸಂಚರಿಸಿದ ಪುತ್ತಿಗೆ ಮಠದ ಶ್ರೀ ಸುಗುಣೇಂದ್ರತೀರ್ಥರ ಪರ್ಯಾಯವು ನೆರೆಯ ಉಡುಪಿಯಲ್ಲಿ ೨೦೦೮ರಲ್ಲಿಯೂ ೨೦೨೪ರಲ್ಲಿಯೂ ನಡೆದಾಗ, ಈ ಹಳೆಯ ಪ್ರಶ್ನೆಯು ಮತ್ತೆ ಎದ್ದು ಚರ್ಚೆಗೆ ಬಂದಿತು.

೪

ಶಾಸ್ತ್ರದ ಗೋಡೆ ಕುಸಿಯುತ್ತಿದ್ದ ಕಾಲದಲ್ಲಿಯೇ ಕಾಯಿದೆಯ ಗೋಡೆ ಏಳುತ್ತಿದ್ದಿತು. ಕರಾರಿನ ಕೂಲಿಗಳನ್ನು ದ್ವೀಪಾಂತರಕ್ಕೆ ಸಾಗಿಸುವ ಕ್ರೂರ ಪದ್ಧತಿಯು ದೇಶದಲ್ಲೆಲ್ಲ ಖಂಡನೆಗೆ ಗುರಿಯಾಗಿ ೧೯೧೭ರಲ್ಲಿ ನಿಂತಿತು. ಅದರ ಬೆನ್ನಿಗೆ ೧೯೨೨ರ ವಲಸೆ ಕಾಯಿದೆಯು ಹುಟ್ಟಿತು. ಸರಕಾರವು ಗೊತ್ತುಮಾಡಿದ ದೇಶಗಳಿಗಲ್ಲದೆ ಬೇರೆಡೆಗೆ ಕುಶಲಕರ್ಮ ತಿಳಿಯದ ಕೂಲಿಯವನು ದುಡಿಯಲು ಹೋಗುವುದನ್ನು ಅದು ನಿಷೇಧಿಸಿತು. ಕಾಯಿದೆಯ ಉದ್ದೇಶವು ರಕ್ಷಣೆ, ಅದನ್ನು ಅಲ್ಲಗಳೆಯಲಾಗದು. ಆದರೆ ಅದರ ಫಲವಾಗಿ, ಹಿಂದೆ ಯಾರೂ ತಡೆಯದಿದ್ದವನೇ ಈಗ ಮೊದಲು ತಡೆಯಲ್ಪಡುವವನಾದನು.

ಪಾಸ್‌ಪೋರ್ಟೆಂಬ ರಹದಾರಿಯೂ ೧೯೬೭ರವರೆಗೆ ಸರಕಾರದ ಕೃಪೆಯಾಗಿತ್ತೇ ಹೊರತು ಪ್ರಜೆಯ ಹಕ್ಕಾಗಿರಲಿಲ್ಲ. ಆ ವರ್ಷ ಸತ್ವಂತ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪರದೇಶಕ್ಕೆ ಹೋಗುವುದು ಸಂವಿಧಾನದ ೨೧ನೆಯ ವಿಧಿಯು ಹೇಳುವ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಸೇರಿದೆಯೆಂದು ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆಯೂ ಬಂದಿತು. ೧೯೭೩ರಲ್ಲಿ ಎಣ್ಣೆಯ ಬೆಲೆಯೇರಿದ ಮೇಲೆ, ಹಿಂದೆ ಈ ಸೀಮೆಯ ಅಕ್ಕಿ ಹೋಗುತ್ತಿದ್ದ ಕೊಲ್ಲಿಯ ತೀರಕ್ಕೇ ಈ ಸೀಮೆಯ ದುಡಿಮೆಗಾರರು ಹೊರಟರು. ಆಗ ೧೯೮೩ರ ವಲಸೆ ಕಾಯಿದೆಯು ೧೯೨೨ರದರ ಸ್ಥಾನವನ್ನು ಪಡೆಯಿತು. ಹೆಚ್ಚು ಓದಿದವನು ಪಾಸ್‌ಪೋರ್ಟನ್ನು ತೋರಿಸಿ ವಿಮಾನವನ್ನು ಏರಬಹುದಾಗಿತ್ತು. ಓದು ಸಾಲದವನು, ಎಂದರೆ ಈಚಿನ ನಿಯಮದಂತೆ ಹತ್ತನೆಯ ತರಗತಿಯನ್ನು ಮುಗಿಸದವನು, ಕೊಲ್ಲಿಯ ರಾಷ್ಟ್ರಗಳೇ ಮೊದಲಾದ ಕೆಲವು ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸೆ ರಕ್ಷಣಾಧಿಕಾರಿಯ ಒಪ್ಪಿಗೆಯನ್ನು ಪಡೆಯಬೇಕಾಯಿತು. ೨೦೦೬ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನವು ಆರಂಭವಾಗುವವರೆಗೆ ಮುಂಬಯಿಯೇ ಈ ಜನರಿಗೆ ಪ್ರಧಾನವಾದ ಹೊರಬಾಗಿಲಾಗಿದ್ದಿತು. ಊರಿನಿಂದ ಮುಂಬಯಿಗೆ, ಅಲ್ಲಿ ನಂಟರಿಷ್ಟರ ಬಿಡಾರದಲ್ಲಿ ಕಾಯುವಿಕೆ, ದಲ್ಲಾಳಿಯ ಕೈಗೆ ಸಾಲದ ಹಣ: ಪರದೇಶದ ಆಸೆಯ ಬೆಲೆ ಮೊದಲು ಸಲ್ಲುತ್ತಿದ್ದುದು ಸ್ವದೇಶದಲ್ಲಿಯೇ.

ಅಪ್ಪಣೆಯ ಕಥೆ ಆಚೆಯ ದಡದಲ್ಲಿಯೂ ಮುಗಿಯಲಿಲ್ಲ. ಕೊಲ್ಲಿಯ ನಾಡುಗಳ ‘ಕಫಾಲಾ’ ಪದ್ಧತಿಯಲ್ಲಿ ಆಳಿನ ವಾಸವು ಅವನನ್ನು ಕರೆಸಿಕೊಂಡ ಯಜಮಾನನ ಹೊಣೆಗೆ ಕಟ್ಟುಬಿದ್ದಿತ್ತು. ಆಳುಗಳ ಪಾಸ್‌ಪೋರ್ಟನ್ನು ಯಜಮಾನನು ತನ್ನಲ್ಲಿಯೇ ಇರಿಸಿಕೊಳ್ಳುವ ರೂಢಿಯೂ ವ್ಯಾಪಕವಾಗಿದ್ದಿತು. ೧೯೯೦ರಲ್ಲಿ ಇರಾಕು ಕುವೈತಿನ ಮೇಲೆ ದಾಳಿ ಮಾಡಿದಾಗ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಹೋಗುವುದಕ್ಕೆ ಸರಕಾರದ ಅಪ್ಪಣೆ, ಇರುವುದಕ್ಕೆ ಒಡೆಯನ ಅಪ್ಪಣೆ. ಒಡೆಯನ ಮಾತನ್ನೇ ರಹದಾರಿಯಾಗಿ ಹೊತ್ತು ಏಡನ್ನಿಗೆ ಹೋದ ಬೊಮ್ಮನ ಸ್ಥಿತಿ ಎಂಟುನೂರು ವರ್ಷಗಳ ಮೇಲೆಯೂ ಪೂರ್ತಿಯಾಗಿ ಮರೆಯಾಗಿರಲಿಲ್ಲ.

೫

ಮೇಲಣ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಪರ್ಯಾಸವು ಸ್ಪಷ್ಟವಾಗುತ್ತದೆ. ಕಲಿವರ್ಜ್ಯವು ಓದಿದವನನ್ನು ತಡೆದು ಓದದವನನ್ನು ಬಿಟ್ಟಿತು. ವಲಸೆ ಕಾಯಿದೆಯು ಓದಿದವನನ್ನು ಬಿಟ್ಟು ಓದದವನನ್ನು ತಡೆಯಿತು. ಎರಡೂ ತಡೆದದ್ದು ಕಾಪಾಡುವ ಹೆಸರಿನಲ್ಲಿಯೇ: ಒಂದು ಆಚಾರವನ್ನು, ಇನ್ನೊಂದು ಜೀವವನ್ನು. ಜೀವವನ್ನು ಕಾಪಾಡುವ ನಿಯಮವು ಮೇಲಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ರಕ್ಷಣೆಯು ಬಾಗಿಲಲ್ಲಿ ತಡೆಯುವುದರಲ್ಲಿಯೇ ಮುಗಿದು, ಆಚೆಯ ದಡದಲ್ಲಿ ಕೈಹಿಡಿಯದೆ ಹೋದರೆ, ತಡೆಯಲ್ಪಟ್ಟವನಿಗೆ ಇವೆರಡರ ನಡುವೆ ಹೆಚ್ಚಿನ ಭೇದವು ತೋರಲಾರದು.

ಇತಿಹಾಸವನ್ನು ಬರೆಯುವವರಿಗೂ ಇದರಿಂದ ಒಂದು ಪಾಠವುಂಟು. ಈ ಸೀಮೆಯ ಪರದೇಶಗಮನದ ಚರಿತ್ರೆಯನ್ನು ಪ್ರಾಯಶ್ಚಿತ್ತದ ನಿರ್ಣಯಗಳಲ್ಲಿ ಮಾತ್ರ ಹುಡುಕಿದರೆ ಹೋಗದವರ ಚರಿತ್ರೆಯೇ ಸಿಕ್ಕೀತು. ಹೋದವರ ಚರಿತ್ರೆಯು ಬಂದರಿನ ಸುಂಕದ ಲೆಕ್ಕಗಳಲ್ಲಿಯೂ, ಪರದೇಶದ ವರ್ತಕರ ಕಾಗದಗಳಲ್ಲಿಯೂ, ಗಂಗೊಳ್ಳಿ ಶಿರೂರುಗಳ ಮನೆಗಳ ಪೆಟ್ಟಿಗೆಯ ಅಡಿಯಲ್ಲಿ ಮಡಿಸಿಟ್ಟ ಅವಧಿ ಮೀರಿದ ಪಾಸ್‌ಪೋರ್ಟುಗಳಲ್ಲಿಯೂ ಇದೆ. ತಾಳೆಗರಿಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಅವುಗಳನ್ನೂ ಸಂಗ್ರಹಿಸಬೇಕಾಗಿದೆ.