ಬಿಡದಿಯಲ್ಲಿ ಇಳಿದು ನೋಡಿದರೆ

ಮದುವೆಗೆ ಬಂದ ಗಂಡಿನ ಕಡೆಯವರನ್ನು ಇಳಿಸುವ ಮನೆಗೆ ಹಳೆ ಮೈಸೂರಿನಲ್ಲಿ ಬಿಡದಿ ಮನೆ ಎನ್ನುತ್ತಾರೆ. ದೂರದಿಂದ ಬಂದವರು ಗಂಟುಮೂಟೆ ಇಳಿಸಿ, ಕೈಕಾಲು ತೊಳೆದು, ಒಂದಿಷ್ಟು ತಿಂದು ದಣಿವಾರಿಸಿಕೊಳ್ಳುವ ಜಾಗ ಅದು. ಬೆಂಗಳೂರಿನಿಂದ ಮೈಸೂರಿನತ್ತ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿರುವ ಊರಿನ ಹೆಸರೂ ಇದೇ. ಹೆಸರಿನ ಮೂಲ ಹುಡುಕಲು ಕನ್ನಡ ನಿಘಂಟಿಗಿಂತ ದೂರ ಹೋಗಬೇಕಾಗಿಲ್ಲ. ದಾರಿಹೋಕರು ತಂಗುವ ಊರು, ಅಷ್ಟೆ.

ದಾರಿಯೂ ಹಳೆಯದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಸಮೀಕ್ಷೆಗೆಂದು ಬಂದ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣದಿಂದ ಚನ್ನಪಟ್ಟಣ, ರಾಮಗಿರಿ ಹಾದು ಬೆಂಗಳೂರಿಗೆ ಬಂದದ್ದು ಈ ಸೀಮೆಯ ಮೇಲೆಯೇ. ಚನ್ನಪಟ್ಟಣದ ಗಾಜಿನ ಬಳೆ, ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಗಳ ಬಗ್ಗೆ ಅವನು ಬರೆದಿಟ್ಟಿದ್ದಾನೆ. 1876–78ರ ಭೀಕರ ಬರದಲ್ಲಿ ಹಸಿದವರಿಗೆ ಕೂಲಿ ಕೊಡಲೆಂದು ರೈಲು ದಾರಿಯ ಮಣ್ಣು ಕೆಲಸ ಶುರುವಾಯಿತು. 1881–82ರಲ್ಲಿ ರೈಲು ಓಡಿತು. ಬಿಡದಿ ಈಗ ಪುರಸಭೆ, ರಾಮನಗರ ತಾಲ್ಲೂಕಿಗೆ ಸೇರಿದ್ದು. 2007ರಲ್ಲಿ ಜಿಲ್ಲೆಯಾದ ರಾಮನಗರವನ್ನು ಬೆಂಗಳೂರು ದಕ್ಷಿಣ ಎಂದು ಕರೆಯುವ ತೀರ್ಮಾನವಾದದ್ದು 2025ರಲ್ಲಿ. ಕಾರ್ಖಾನೆಗಳ ವಿಷಯ ಎಲ್ಲರಿಗೂ ಗೊತ್ತು. 1999ರಿಂದ ಟೊಯೋಟಾ ಕಾರುಗಳು ಇಲ್ಲೇ ತಯಾರಾಗುತ್ತಿವೆ.

ಆದರೆ ಬಿಡದಿ ಎಂದೊಡನೆ ಕನ್ನಡಿಗರ ನಾಲಿಗೆಗೆ ಬರುವುದು ಕಾರಲ್ಲ, ತಟ್ಟೆ ಇಡ್ಲಿ. ಅಂಚಿರುವ ಪುಟ್ಟ ತಟ್ಟೆಗಳಿಗೆ ಹಿಟ್ಟು ಹುಯ್ದು, ಒಂದರ ಮೇಲೊಂದು ಸ್ಟ್ಯಾಂಡಿಗೇರಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಅಕ್ಕಿ, ಉದ್ದಿನ ಜೊತೆಗೆ ಕೆಲವರು ಸಬ್ಬಕ್ಕಿ ಸೇರಿಸುತ್ತಾರೆ, ಕೆಲವರು ಅವಲಕ್ಕಿ, ಇನ್ನು ಕೆಲವರು ಅನ್ನ. ಮುಚ್ಚಳ ತೆಗೆದಾಗ ನುಗ್ಗುವ ಹಬೆಯಲ್ಲಿ ಅಡುಗೆಯವನ ಮುಖವೇ ಕಾಣುವುದಿಲ್ಲ. ಅಂಗೈಯಗಲದ ಇಡ್ಲಿಯ ಮೇಲೆ ಬೆಣ್ಣೆಯ ಉಂಡೆ ಬಿದ್ದು, ಕರಗಿ, ಅಂಚಿಗೆ ಹರಿದು, ಕಾಯಿ ಚಟ್ನಿಗೆ ಸೇರುವಷ್ಟರಲ್ಲಿ ಕೈ ಹಾಕಬೇಕು. ಆರಿದ ತಟ್ಟೆ ಇಡ್ಲಿಗೆ ಆ ರುಚಿ ಇಲ್ಲ. ಕಟ್ಟಿಸಿಕೊಂಡು ಹೋದವರಿಗೆ ಇದು ಪೂರ್ತಿ ದಕ್ಕುವುದಿಲ್ಲ. ಕೂತೇ ತಿನ್ನಬೇಕಾದ ತಿಂಡಿ ಇದು.

ತಟ್ಟೆ ಇಡ್ಲಿ ಯಾರದು ಎಂಬ ಜಗಳ ಇನ್ನೂ ಮುಗಿದಿಲ್ಲ. ತುಮಕೂರಿನವರು ಕ್ಯಾತ್ಸಂದ್ರದ ಕಡೆ ಕೈ ತೋರಿಸುತ್ತಾರೆ, ಬಿಡದಿಯವರು ಒಪ್ಪುವುದಿಲ್ಲ. ಎರಡೂ ಹೆದ್ದಾರಿ ಬದಿಯ, ರೈಲು ನಿಲ್ಲುವ ಊರುಗಳು ಎಂಬುದನ್ನು ಮಾತ್ರ ಇಬ್ಬರೂ ಗಮನಿಸಬೇಕು. ಇಡ್ಲಿಯ ಹಳೆಯ ದಾಖಲೆ ಇರುವುದಂತೂ ಕನ್ನಡದಲ್ಲೇ. ಸುಮಾರು 920ರ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಬರುತ್ತದೆ, ಅದೂ ಮನೆಗೆ ಬಂದ ಬ್ರಹ್ಮಚಾರಿಗೆ ಬಡಿಸುವ ತಿನಿಸುಗಳ ಸಾಲಿನಲ್ಲಿ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ತನ್ನ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬುವ ಕ್ರಮವನ್ನೇ ಹೇಳುತ್ತಾನೆ. ಆಹಾರ ಚರಿತ್ರೆಕಾರ ಕೆ.ಟಿ. ಅಚಯ ಇದಕ್ಕೊಂದು ತಕರಾರು ತೆಗೆದರು: ಅಂದಿನ ಇಡ್ಡಲಿಗೆಯಲ್ಲಿ ಅಕ್ಕಿ ಇಲ್ಲ, ಹಿಟ್ಟು ಹುಳಿ ಬರಿಸುವ ಮಾತಿಲ್ಲ, ಹಬೆಯೂ ಇಲ್ಲ, ಅವು ಇಂಡೋನೇಷ್ಯಾದ ಕಡೆಯಿಂದ ಬಂದಿರಬಹುದು. ಅದು ಅವರ ಊಹೆ. ಹೆಸರು ಮತ್ತು ಉದ್ದು ಇಲ್ಲಿಯವು ಎಂಬುದಕ್ಕೆ ಸಾವಿರ ವರ್ಷದ ಪುರಾವೆ ಇದೆ. ಬಂದ ಅತಿಥಿಗೆ ಇಡ್ಡಲಿಗೆ ಬಡಿಸುವ ಆ ವಾಡಿಕೆಯನ್ನು ರಸ್ತೆ ಬದಿಯಲ್ಲಿ ಉಳಿಸಿಕೊಂಡ ಊರು ಬಿಡದಿ.

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾಯಿತು. ಮೂರು ತಾಸಿನ ಹಾದಿ ಒಂದೂವರೆ ತಾಸಿಗೆ ಇಳಿಯಿತು. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸ್. ಹಳೆ ರಸ್ತೆಯ ಇಡ್ಲಿ ಹೋಟೆಲುಗಳು, ಚನ್ನಪಟ್ಟಣದ ಬೊಂಬೆ ಅಂಗಡಿಗಳು, ಮದ್ದೂರಿನ ವಡೆ ಅಂಗಡಿಗಳು ಗಿರಾಕಿ ಕಳೆದುಕೊಂಡವು. ಎಳನೀರು, ಸೀಬೆಹಣ್ಣು ಮಾರುವವರಿಗೂ ಅದೇ ಪೆಟ್ಟು. ಮೈಸೂರಿಗೆ ಹೋಗುವವರಿಗೆ ತಾಸು ಉಳಿದದ್ದು ನಿಜ. ಆದರೆ ತಂಗುವುದನ್ನೇ ಹೆಸರಾಗಿ ಹೊತ್ತ ಊರನ್ನು ಬಳಸಿ ಹೋಗುವ ದಾರಿ ಮಾಡುವಾಗ, ಆ ಊರಿಗೆ ಏನು ಉಳಿಯುತ್ತದೆಂದು ಯಾರಾದರೂ ಯೋಚಿಸಬೇಕಿತ್ತು.

ತಂಗುವ ಜಾಗವನ್ನು ಇಂದಿಗೂ ಬಳಕೆಯಲ್ಲಿ ಉಳಿಸಿಕೊಂಡ ಊರೊಂದು ಟರ್ಕಿಯಲ್ಲಿದೆ. ಒಟ್ಟೋಮನ್ನರ ಮೊದಲ ರಾಜಧಾನಿಗಳಲ್ಲಿ ಒಂದಾದ ಬುರ್ಸಾ ರೇಷ್ಮೆಯ ಪಟ್ಟಣ. 1491ರಲ್ಲಿ ಎರಡನೆಯ ಬಾಯಜೀದ್ ಅಲ್ಲಿ ಕಟ್ಟಿಸಿದ ಕಟ್ಟಡದ ಹೆಸರು ‘ಕೋಜಾ ಹಾನ್’. ಕೋಜಾ ಎಂದರೆ ರೇಷ್ಮೆ ಗೂಡು, ಹಾನ್ ಎಂದರೆ ವರ್ತಕರು ತಂಗುವ ಛತ್ರ. ನಮ್ಮ ಮಾತಿನಲ್ಲಿ ಗೂಡಿನ ಬಿಡದಿ! ಎರಡಂತಸ್ತಿನ ಕಮಾನುಗಳ ನಡುವಿನ ಅಂಗಳದಲ್ಲಿ ಈಗ ಪ್ರವಾಸಿಗರು ಮರದ ನೆರಳಿಗೆ ಕೂತು ಚಹಾ ಕುಡಿಯುತ್ತಾರೆ, ಮೇಲಿನ ಅಂಗಡಿಗಳಲ್ಲಿ ರೇಷ್ಮೆ ಕೊಳ್ಳುತ್ತಾರೆ, ಊರಿನದೇ ಹೆಸರುವಾಸಿ ಇಸ್ಕೆಂದರ್ ಕಬಾಬ್ ತಿಂದು ಹೋಗುತ್ತಾರೆ. ಅದರ ಮೇಲೂ ಕರಗಿಸಿದ ಬೆಣ್ಣೆ ಸುರಿಯುತ್ತಾರೆ ಎಂಬುದು ಬಿಡದಿಯವರಿಗೆ ಹಿಡಿಸುವ ಸಂಗತಿ. 2014ರಲ್ಲಿ ಬುರ್ಸಾ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಬಿಡದಿಯಿಂದ ಅರ್ಧ ತಾಸು ಹೋದರೆ ರಾಮನಗರದ ಗೂಡು ಮಾರುಕಟ್ಟೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರು ಪಡೆದದ್ದು. ಮೈಸೂರು ಸೀಮೆಯಲ್ಲಿ ರೇಷ್ಮೆ ಬೇರೂರಿಸಿದವನು ಟಿಪ್ಪು. ಟರ್ಕಿಯ ಸುಲ್ತಾನನ ಬಳಿಗೆ ದೂತರ ತಂಡವನ್ನೇ ಕಳಿಸಿದವನೂ ಅವನೇ. ಇಲ್ಲಿ ಗೂಡು ಬರಿಯ ನೆನಪಲ್ಲ, ರೈತರು ತಂದು ಸುರಿದು ಹರಾಜಿಗಿಡುವ ಸರಕು. ಬಿಡದಿಯಲ್ಲಿ ಇಡ್ಲಿ ತಿಂದು, ಗೂಡು ಮಾರುಕಟ್ಟೆ ನೋಡಿ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಸುತ್ತಾಡಿ, ಚನ್ನಪಟ್ಟಣದ ಅರಗಿನ ಬೊಂಬೆ ಕೊಂಡು ಬರಲು ಒಂದು ಭಾನುವಾರ ಸಾಕು. ಹಳೆ ರಸ್ತೆ ಇನ್ನೂ ಇದೆ. ರೈಲೂ ನಿಲ್ಲುತ್ತದೆ.

ಬಿಡದಿಯ ಸುತ್ತಲಿನ ಹಳ್ಳಿಗಳ ಹೆಸರುಗಳನ್ನೂ ಒಮ್ಮೆ ಬಾಯಿಬಿಟ್ಟು ಓದಬೇಕು. ಕಂಚುಗಾರನಹಳ್ಳಿ ಎಂದರೆ ಕಂಚಿನ ಕೆಲಸದವರ ಊರು. ಗೊಲ್ಲರಪಾಳ್ಯದಲ್ಲಿ ದನ ಕಾಯುವವರ ನೆಲೆ. ಅರಳಾಳುಸಂದ್ರದ ‘ಸಂದ್ರ’ ಸಮುದ್ರದಿಂದ ಸವೆದದ್ದು. ಕೆರೆ ಕಟ್ಟಿಸಿದವರು ಕೆರೆಗೆ ಇಡುತ್ತಿದ್ದ ಹೆಸರು ಅದು. ಶಾಸನ ಸಿಗದ ಕಡೆ ಈ ಹೆಸರುಗಳೇ ಶಾಸನ. ಇದೇ ಸುತ್ತಿನ ಬೈರಮಂಗಲ ಕೆರೆಗೆ ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿ ಹರಿದು ಬರುತ್ತಾಳೆ, ಮಹಾನಗರದ ಕೊಳಚೆಯನ್ನೆಲ್ಲ ಹೊತ್ತು, ನೊರೆಯಾಗಿ. ಈಗ ಇದೇ ಬೈರಮಂಗಲ, ಕಂಚುಗಾರನಹಳ್ಳಿ ಸೀಮೆಯ ಒಂಬತ್ತು ಹಳ್ಳಿಗಳ ಏಳು ಸಾವಿರ ಎಕರೆಗೂ ಹೆಚ್ಚು ನೆಲವನ್ನು ಹೊಸ ಟೌನ್‌ಶಿಪ್ಪಿಗೆ ಗುರುತಿಸಲಾಗಿದೆ. ತೆಂಗು, ಹಿಪ್ಪುನೇರಳೆ ಬೆಳೆದ ರೈತರು ಭೂಮಿ ಕೊಡುವುದಿಲ್ಲವೆಂದು ಧರಣಿ ಕೂತಿದ್ದಾರೆ. ಪರಿಹಾರದ ಪಟ್ಟಿಯಲ್ಲಿ ಮರ, ಬಾವಿ, ಮನೆಗಳಿಗೆ ಬೆಲೆ ಕಟ್ಟುತ್ತಾರೆ; ಊರ ಹೆಸರಿಗೆ ಅಲ್ಲಿ ಕಾಲಂ ಇಲ್ಲ. ಈ ಒಂಬತ್ತು ಹಳ್ಳಿಗಳ ಹೆಸರು, ಕೆರೆ, ಗುಡಿ, ಗೋಮಾಳಗಳನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡುವ ಕೆಲಸ ಸರ್ವೆಯವರು ಕಲ್ಲು ನೆಡುವ ಮೊದಲೇ ಆಗಬೇಕಿದೆ.