ಒಂದೆಲಗ: ಮನೆಯಲ್ಲೇ ಬೆಳೆಸಿ, ನೋಡಿಕೊಂಡು ತಿನ್ನಿ

ಕಾಸರಗೋಡು, ಮಂಜೇಶ್ವರ ಕಡೆ ತೋಟದ ಬದಿ, ಬಾವಿಕಟ್ಟೆ ಹತ್ತಿರ ನೆಲಕ್ಕೆ ಹಬ್ಬಿ ಬೆಳೆಯುವ ಸೊಪ್ಪು ಒಂದೆಲಗ. ತುಳುವಿನಲ್ಲಿ ತಿಮರೆ, ಮಲಯಾಳದಲ್ಲಿ ಮುತ್ತಿಲ್. ಬ್ರಾಹ್ಮಿ ಅಂತಲೂ ಕರೆಯುವುದರಿಂದ ಗೊಂದಲ. ನರ್ಸರಿಯಲ್ಲಿ ಬ್ರಾಹ್ಮಿ ಕೇಳಿದರೆ ನೀರುಬ್ರಾಹ್ಮಿ ಕೊಟ್ಟಾರು. ಅದು ಬೇರೆಯೇ ಗಿಡ, ಸಣ್ಣ ದಪ್ಪ ಎಲೆ ಜೋಡಿ ಜೋಡಿಯಾಗಿರುತ್ತದೆ. ಒಂದೆಲಗದಲ್ಲಿ ಉದ್ದ ತೊಟ್ಟಿಗೆ ಒಂದೇ ಅಗಲ ಎಲೆ, ಅಂಚು ಅಲೆಅಲೆ.

ದುಡ್ಡು ಕೊಟ್ಟು ತರಬೇಕಾಗಿಲ್ಲ. ಬಳ್ಳಿಯ ಗಂಟಿನಲ್ಲೇ ಬೇರಿರುತ್ತದೆ, ಅಂಥ ಒಂದು ತುಂಡು ನೆಟ್ಟರೆ ಸಾಕು. ಅರೆನೆರಳು, ಸದಾ ತೇವ ಬೇಕು. ಅಗಲದ ಚಟ್ಟಿ ಇದ್ದರೆ ಫ್ಲ್ಯಾಟಿನಲ್ಲೂ ಆಗುತ್ತೆ. ಚರಂಡಿ ಬದಿಯದ್ದು ಮಾತ್ರ ಎಷ್ಟೇ ಹುಲುಸಾಗಿದ್ದರೂ ಬೇಡ. ಮಣ್ಣಿನಲ್ಲಿರುವ ಸೀಸದಂಥ ಲೋಹವನ್ನು ಈ ಗಿಡ ಹೀರಿಕೊಳ್ಳುತ್ತದೆ, ಅದು ತೊಳೆದರೆ ಹೋಗುವುದಲ್ಲ.

ತಂಬುಳಿಗೆ ಒಂದು ಹಿಡಿ ಎಲೆ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿ. ಕುದಿಸಬಾರದು. ಗಂಜಿಗೆ ಇದರ ಚಟ್ನಿ ಇನ್ನೂ ರುಚಿ.

ಪರೀಕ್ಷೆ ಹತ್ತಿರ ಬಂದಾಗ ‘ನೆನಪಿನ ಪುಡಿ’ ಕೇಳಿಕೊಂಡು ಅಂಗಡಿಗೆ ಬರುವವರಿದ್ದಾರೆ. ಅದರಿಂದ ನೆನಪು ಹೆಚ್ಚುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಚಟ್ನಿ ತಿನ್ನುವುದು ಬೇರೆ, ಮಾತ್ರೆ ವಾರಗಟ್ಟಲೆ ನುಂಗುವುದು ಬೇರೆ. ಹಾಗೆ ನುಂಗಿದ ಕೆಲವರ ಲಿವರ್‌ಗೆ ತೊಂದರೆಯಾದದ್ದು ವೈದ್ಯಕೀಯವಾಗಿ ದಾಖಲಾಗಿದೆ. ಗರ್ಭಿಣಿಯರು, ಲಿವರ್ ಕಾಯಿಲೆಯವರು ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ.